ಕೈರೂಢಿಯ ಕಳವು

ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿ. ಹೋದ ಮಳೆಗಾಲದ ಒಂದು ಮಧ್ಯಾಹ್ನ ಎಪ್ಪತ್ತಾರು ವರ್ಷದ ನನ್ನ ಅಮ್ಮ ಕೌಂಟರಿನ ಮೇಲೆ ಫೋನ್ ಇಟ್ಟು, ಬಟ್ಟಲು ಒಡೆದ ಮಗುವಿನ ದನಿಯಲ್ಲಿ, "ಏನೋ ಒತ್ತಿ ಕೆಡಿಸಿಬಿಟ್ಟಿದೀನಪ್ಪಾ, ಸ್ವಲ್ಪ ನೋಡು" ಎಂದರು. ಹುಡುಗ ಎರಡು ಸಲ ಬೆರಳಾಡಿಸಿ ನೋಡಿದ. "ಏನೂ ಕೆಟ್ಟಿಲ್ಲ ಅಜ್ಜೀ, ರಾತ್ರಿ ಅಪ್‌ಡೇಟ್ ಆಗಿದೆ ಅಷ್ಟೇ. ನೀವೂ ಸ್ವಲ್ಪ ಅಪ್‌ಡೇಟ್ ಆಗ್ಬೇಕು" ಎಂದು ನಕ್ಕ. ಅಮ್ಮನೂ ನಕ್ಕರು. ನನಗೆ ನಗು ಬರಲಿಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಊರೆಲ್ಲ ಆಡುವ ಮಾತನ್ನು ಅವನೂ ಆಡಿದ. ಇಪ್ಪತ್ತು ವರ್ಷದ ಹಿಂದೆ ಅಪ್‌ಡೇಟ್ ಆಗುತ್ತಿದ್ದದ್ದು ಕಂಪ್ಯೂಟರು. ಈಗ ಆಗಬೇಕಾದವರು ಮನುಷ್ಯರು. ಅಪ್‌ಡೇಟ್ ಆಗದ ಮೇಷ್ಟ್ರು, ಅಪ್‌ಡೇಟ್ ಆಗದ ಗುಮಾಸ್ತ, ಅಪ್‌ಡೇಟ್ ಆಗದ ಅತ್ತೆ. ಯಂತ್ರಕ್ಕಿದ್ದ ಮಾತು ಮನುಷ್ಯರಿಗೆ ಬೈಗುಳವಾಗಿ ಯಾವಾಗ ತಿರುಗಿತೋ ನಮಗೆ ಗೊತ್ತೇ ಆಗಲಿಲ್ಲ.

ಅಮ್ಮನ ಸಂಗತಿ ಇಷ್ಟು. ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಮೊಮ್ಮಗಳ ಮುಖ ನೋಡಲು ವಿಡಿಯೋ ಕಾಲ್ ಮಾಡುವುದನ್ನು ನಾನು ಅಮ್ಮನಿಗೆ ಮೂರು ದಿನ ಕೂತು ಹೇಳಿಕೊಟ್ಟಿದ್ದೆ. ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವರು ಫೋನಿನ ಚಿತ್ರ ಬರೆದುಕೊಂಡರು: ಒಂದು ಆಯತ, ಅದರ ಕೆಳಗಡೆ ಬಲಮೂಲೆಯಲ್ಲಿ ಒಂದು ಚುಕ್ಕಿ, ಅದಕ್ಕೊಂದು ಬಾಣ, "ಮೊದಲು ಇದು". ಪಕ್ಕದಲ್ಲಿ ಇನ್ನೊಂದು ಆಯತ, ಮೇಲ್ಗಡೆ ಇನ್ನೊಂದು ಚುಕ್ಕಿ, "ಆಮೇಲೆ ಇದು". ಎಲ್ಲ ಬಾಲ್‌ಪೆನ್ನಿನಲ್ಲಿ, ಒತ್ತಿ ಬರೆದದ್ದು. ಒಂದು ತಿಂಗಳಿಗೆ ಪುಸ್ತಕ ಬೇಡವಾಯಿತು. ಕನ್ನಡಕ ಹಾಕದಿದ್ದರೂ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಅವರು ಪರದೆಯನ್ನು ಓದುತ್ತಿರಲಿಲ್ಲ, ಜಾಗ ಮುಟ್ಟುತ್ತಿದ್ದರು. ಒಂದು ರಾತ್ರಿ ಆ ಚುಕ್ಕಿ ಬಲಮೂಲೆಯಿಂದ ಎದ್ದು ಬೇರೆ ಕಡೆ ಹೋಯಿತು. ಅದಿದ್ದ ಜಾಗದಲ್ಲಿ ಯಾರೂ ಕೇಳದ ಇನ್ನೇನೋ ಬಂದು ಕೂತಿತು. ಬೆಳಗ್ಗೆ ಎದ್ದ ಅಮ್ಮನಿಗೆ "ಇವರು ಬದಲಾಯಿಸಿದ್ದಾರೆ" ಎಂದು ಅನಿಸಲೇ ಇಲ್ಲ. "ನಾನು ಕೆಡಿಸಿದೆ" ಎಂದೇ ಅನಿಸಿತು.

ನಾನು ಇಲ್ಲಿ ಜಗಳಕ್ಕೆ ಇಳಿದಿರುವುದು ಒಂದು ನಂಬಿಕೆಯ ಜತೆ. ಓದಿದವರು, ಪತ್ರಿಕೆಗಳಲ್ಲಿ ತಂತ್ರಜ್ಞಾನದ ಅಂಕಣ ಬರೆಯುವವರು, ಮನೆಯ ಮಕ್ಕಳು, ಎಲ್ಲರೂ ವಿಚಾರಣೆಯಿಲ್ಲದೆ ಒಪ್ಪಿಕೊಂಡ ನಂಬಿಕೆ ಅದು. ಬದಲಾವಣೆಗೆ ಮೊದಮೊದಲು ಎಲ್ಲರೂ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ ಎನ್ನುತ್ತದೆ ಅದು. ಒಗ್ಗಿಕೊಳ್ಳದವರಿದ್ದರೆ ಅದು ಅವರ ವಯಸ್ಸಿನ, ಸೋಮಾರಿತನದ, ತಿಳಿವಳಿಕೆಯ ದೋಷ. ಇಷ್ಟಕ್ಕೂ ಬಾಯಿ ಮುಚ್ಚದಿದ್ದರೆ ಕೊನೆಯ ಗುಮ್ಮ: ಅಪ್‌ಡೇಟ್ ಮಾಡದಿದ್ದರೆ ಕಳ್ಳರು ನಿಮ್ಮ ಖಾತೆ ಬರಿದು ಮಾಡುತ್ತಾರೆ. ಮೊದಲ ಎರಡು ಮಾತು ಸುಳ್ಳು. ಮೂರನೆಯದರಲ್ಲಿ ಅರ್ಧ ನಿಜವಿದೆ, ಹಾಗಾಗಿ ಅದೇ ಹೆಚ್ಚು ಅಪಾಯದ್ದು.

ನಿಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನು ನೆನೆಸಿಕೊಳ್ಳಿ. ಎಣ್ಣೆ ಕಾದಾಗ ಕೈ ತಾನಾಗಿ ಸಾಸಿವೆಯ ಬಟ್ಟಲಿಗೆ ಹೋಗುತ್ತದೆ, ಕರೆಂಟು ಹೋಗಿದ್ದರೂ ಹೋಗುತ್ತದೆ. ಆ ಓಟ ಕೈಗೆ ಪುಕ್ಕಟೆ ಬಂದದ್ದಲ್ಲ, ವರ್ಷಗಟ್ಟಲೆ ಅಡುಗೆ ಮಾಡಿ ಗಳಿಸಿದ್ದು. ರಾತ್ರೋರಾತ್ರಿ ಯಾರೋ ಬಂದು ಸಾಸಿವೆಯ ಜಾಗದಲ್ಲಿ ಮೆಂತ್ಯ ಇಟ್ಟು, ಜೀರಿಗೆಯನ್ನು ಇನ್ನೊಂದು ಡಬ್ಬಿಯೊಳಗೆ ಬಚ್ಚಿಟ್ಟು, "ಇದು ಹೆಚ್ಚು ಅಚ್ಚುಕಟ್ಟು, ಒಂದು ವಾರ ಕಷ್ಟ, ಆಮೇಲೆ ರೂಢಿಯಾಗುತ್ತದೆ" ಎಂದರೆ ಯಾವ ಗೃಹಿಣಿ ಸುಮ್ಮನಿರುತ್ತಾಳೆ? ಹೊಸ ಜೋಡಣೆ ನಿಜಕ್ಕೂ ಅಚ್ಚುಕಟ್ಟಾಗಿರಬಹುದು. ಆದರೂ ಮೊದಲು ಕೇಳಬೇಕಾದ್ದು, ನನ್ನ ಡಬ್ಬಿಗೆ ಕೈ ಹಾಕಲು ನೀನು ಯಾರು ಎಂದು. ಕೈರೂಢಿ ಒಂದು ಆಸ್ತಿ. ಅದು ಕಂಪನಿಯ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಾಗಿ ಅದನ್ನು ಅಳಿಸಿಹಾಕಿದಾಗ ಯಾರಿಗೂ ನಷ್ಟ ಆದಂತೆ ಕಾಣುವುದಿಲ್ಲ.

"ಆಮೇಲೆ ಒಗ್ಗಿಕೊಳ್ಳುತ್ತಾರೆ" ಎನ್ನುವ ಮಾತಿನ ಚರಿತ್ರೆ ನೋಡಿ. 1995ರಿಂದ ಲೋಕದ ವಿಂಡೋಸ್ ಕಂಪ್ಯೂಟರುಗಳ ಎಡಗಡೆ ಕೆಳಮೂಲೆಯಲ್ಲಿ ಸ್ಟಾರ್ಟ್ ಬಟನ್ ಇತ್ತು. ಹದಿನೇಳು ವರ್ಷ ಕೋಟ್ಯಂತರ ಜನ ಮೌಸನ್ನು ಅಲ್ಲಿಗೇ ಒಯ್ದರು. 2012ರ ಅಕ್ಟೋಬರ್ 26ರಂದು ಬಂದ ಮೈಕ್ರೋಸಾಫ್ಟಿನ ವಿಂಡೋಸ್ 8 ಅದನ್ನು ಕಿತ್ತುಹಾಕಿತು. ಟ್ಯಾಬ್ಲೆಟ್ ಕಾಲ ಬಂತು, ಎಲ್ಲರೂ ಬೆರಳಿನಲ್ಲೇ ಪರದೆ ಮುಟ್ಟುತ್ತಾರೆ ಎಂಬ ಕನಸಿನಲ್ಲಿ, ಮೇಜಿನ ಮುಂದೆ ಕೀಬೋರ್ಡು ಹಿಡಿದು ಕೂತವರ ಪರದೆಗೂ ಬಣ್ಣದ ಹಾಸುಬಿಲ್ಲೆಗಳನ್ನು ಹೊದಿಸಿದರು. ಗೊಣಗಿದವರಿಗೆ ಪಂಡಿತರು ಎಂದಿನ ಉಪದೇಶ ಮಾಡಿದರು. ಜನ ಏನು ಮಾಡಿದರು? ಹಳೆಯ ಬಟನ್ನನ್ನು ವಾಪಸ್ ತಂದುಕೊಡುವ ಪುಟ್ಟ ತಂತ್ರಾಂಶಗಳನ್ನು ಹುಡುಕಿ ಹಾಕಿಕೊಂಡರು, ಕೆಲವರು ದುಡ್ಡು ಕೊಟ್ಟು ಕೊಂಡರು. ಒಂದೇ ವರ್ಷದಲ್ಲಿ, 2013ರ ಅಕ್ಟೋಬರಿನಲ್ಲಿ, 8.1ರ ಜತೆ ಬಟನ್ ಮರಳಿತು. 2015ರಲ್ಲಿ ವಿಂಡೋಸ್ 10ರ ಜತೆ ಅದರ ಪಟ್ಟಿಯೂ ಮರಳಿತು. ಲೋಕದ ಅತಿ ದೊಡ್ಡ ತಂತ್ರಾಂಶ ಕಂಪನಿಯೇ ಕೊನೆಗೆ ಗುಮಾಸ್ತರ ಕೈರೂಢಿಗೆ ಒಗ್ಗಿಕೊಂಡಿತು.

ಪಾಠ ಕಲಿತಿತೇ ಎಂದರೆ, ಇಲ್ಲ. 2021ರ ವಿಂಡೋಸ್ 11 ಅದೇ ಬಟನ್ನನ್ನು ಮೂಲೆಯಿಂದ ನಡುಮಧ್ಯಕ್ಕೆ ಸರಿಸಿತು. ಮೂಲೆಗೆ ಮೌಸನ್ನು ಕಣ್ಣುಮುಚ್ಚಿ ಎಸೆಯಬಹುದು, ಅದು ಅಲ್ಲೇ ನಿಲ್ಲುತ್ತದೆ. ನಡುಮಧ್ಯದಲ್ಲಿ ಗುರಿ ಇಡಬೇಕು. ಮೂಲೆಯ ಬೆಲೆ ಹಳಬರಿಗೆಲ್ಲ ಗೊತ್ತಿತ್ತು. ಸೆಟ್ಟಿಂಗಿಗೆ ಹೋಗಿ ಎಡಕ್ಕೆ ಸರಿಸಿಕೊಳ್ಳುವ ದಾರಿಯನ್ನಾದರೂ ಉಳಿಸಿದರು, ಒಪ್ಪೋಣ. ಆದರೆ ಟಾಸ್ಕ್‌ಬಾರ್ ಎಂಬ ಕೆಲಸದ ಪಟ್ಟಿಯನ್ನು ಪರದೆಯ ಮೇಲ್ಗಡೆಗೋ ಪಕ್ಕಕ್ಕೋ ಇಟ್ಟುಕೊಳ್ಳುವ, ಮೊದಲಿಂದ ಇದ್ದ ಸೌಲಭ್ಯವನ್ನು ತೆಗೆದರು.

ಇನ್ನೊಂದು ಕತೆ ಅಮೆರಿಕದ ಸೋನೋಸ್ ಕಂಪನಿಯದು. ಮನೆಯಲ್ಲಿ ಹಾಡು ಕೇಳುವ ದುಬಾರಿ ಸ್ಪೀಕರುಗಳನ್ನು ಅದು ಮಾರುತ್ತದೆ. ಆ ಸ್ಪೀಕರುಗಳಿಗೆ ಫೋನಿನ ಆಪೇ ಕೀಲಿಕೈ. 2024ರ ಮೇ ತಿಂಗಳಲ್ಲಿ ಕಂಪನಿ ಆಪನ್ನು ಬುಡದಿಂದ ಹೊಸದಾಗಿ ಕಟ್ಟಿ ಬಿಟ್ಟಿತು. ಬೆಳಗ್ಗೆ ಎಬ್ಬಿಸುವ ಅಲಾರಮ್ಮನ್ನು ಹೊಂದಿಸುವ ದಾರಿ ಹೋಯಿತು, ಇಷ್ಟು ಹೊತ್ತಿಗೆ ಹಾಡು ನಿಲ್ಲಲಿ ಎಂದು ಹೇಳುವ ಟೈಮರ್ ಹೋಯಿತು, ಸರತಿಯಲ್ಲಿನ ಹಾಡುಗಳನ್ನು ಹಿಂದುಮುಂದು ಮಾಡುವ ಅನುಕೂಲ ಹೋಯಿತು. ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನೇ ನೆಚ್ಚಿದ ಅಂಧರಿಗೆ ಆಪು ಬಳಸಲು ಬಾರದಂತಾಯಿತು. ಜುಲೈಯಲ್ಲಿ ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಹಳೆಯ ಆಪನ್ನೇ ವಾಪಸ್ ಕೊಡಿ ಎಂದವರಿಗೆ, ಅದು ಈಗ ಆಗದ ಮಾತು ಎಂಬ ಉತ್ತರ ಬಂತು. ಮುಂದಿನ ಜನವರಿಯಲ್ಲಿ ಆ ಮುಖ್ಯಸ್ಥರು ಹುದ್ದೆ ಬಿಟ್ಟರು. ಈ ಗ್ರಾಹಕರು ಯಾರೂ ಹಳ್ಳಿಯ ಅಜ್ಜಿಯರಲ್ಲ, ತಂತ್ರಜ್ಞಾನವೆಂದರೆ ಪ್ರಾಣ ಬಿಡುವವರು. ಅವರಿಗೆ "ಅಪ್‌ಡೇಟ್ ಆಗಿ" ಎನ್ನುವ ಧೈರ್ಯ ಯಾರಿಗಿತ್ತು?

ಕಷ್ಟಕ್ಕೆ ಕಾರಣ ತಿಳಿವಳಿಕೆಯ ಕೊರತೆ ಎನ್ನುವವರಿಗೆ ಇನ್ನೂ ಕಠಿಣವಾದ ಒಂದು ಉದಾಹರಣೆ. 2017ರ ಆಗಸ್ಟಿನಲ್ಲಿ ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲ ಹಡಗೊಂದಕ್ಕೆ ಡಿಕ್ಕಿಯಾಗಿ ಹತ್ತು ನಾವಿಕರು ಸತ್ತರು. ತನಿಖೆ ಮಾಡಿದವರು ತರಬೇತಿಯ ಕೊರತೆಯ ಜತೆಗೆ, ಹಡಗನ್ನು ನಡೆಸುವ ಟಚ್‌ಸ್ಕ್ರೀನ್ ಫಲಕದ ಗೊಂದಲದ ವಿನ್ಯಾಸವನ್ನೂ ಎತ್ತಿ ಹೇಳಿದರು. ಯಾವ ನಿಯಂತ್ರಣ ಯಾವ ಮೇಜಿನವರ ಕೈಯಲ್ಲಿದೆ ಎಂಬುದೇ ಅಲ್ಲಿದ್ದವರಿಗೆ ತಿಳಿದಿರಲಿಲ್ಲ. 2019ರಲ್ಲಿ ನೌಕಾಪಡೆ ವೇಗ ನಿಯಂತ್ರಣವನ್ನು ಪರದೆಯಿಂದ ತೆಗೆದು ಮತ್ತೆ ಕೈಯಲ್ಲಿ ಹಿಡಿದು ಸರಿಸುವ ಹಿಡಿಕೆಗೆ ಒಪ್ಪಿಸಲು ತೀರ್ಮಾನಿಸಿತು. ಸಮುದ್ರದಲ್ಲಿ "ನಾವಿಕರು ಒಗ್ಗಿಕೊಳ್ಳಲಿ" ಎಂದು ಕಾದು ಕೂರಲು ಆಗಲಿಲ್ಲ. ಮನೆಗಳಲ್ಲಿ ಹೆಣ ಬೀಳುವುದಿಲ್ಲವಲ್ಲ, ಅದಕ್ಕೆ ಕಾಯುತ್ತಾರೆ.

ಡೊನಾಲ್ಡ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞ 1988ರಲ್ಲೇ ದಿನಬಳಕೆಯ ವಸ್ತುಗಳ ವಿನ್ಯಾಸದ ಮೇಲೆ ಒಂದು ಪುಸ್ತಕ ಬರೆದ. ದೂಡಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿನ ಮುಂದೆ ನಿಂತವರು, ಬಾಗಿಲನ್ನು ಮಾಡಿದವನನ್ನು ಬೈಯದೆ ತಮ್ಮನ್ನೇ ದಡ್ಡರೆಂದು ಬೈದುಕೊಳ್ಳುತ್ತಾರೆ ಎಂಬುದು ಅವನು ಕಂಡ ಮುಖ್ಯ ಸಂಗತಿಗಳಲ್ಲಿ ಒಂದು. ಆ ಪುಸ್ತಕ ಓದದ ವಿನ್ಯಾಸಕಾರ ಬೆಂಗಳೂರಿನಲ್ಲಿ ಸಿಗಲಾರ. ಅಷ್ಟು ಜನ ಓದಿಯೂ ಇಷ್ಟು ಕಡಿಮೆ ಕೆಲಸ ಮಾಡಿದ ಪುಸ್ತಕ ಇನ್ನೊಂದಿಲ್ಲ.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ನಮ್ಮ ಅಂಕಣಕಾರರಿಗಿಂತ ಸ್ಪಷ್ಟವಾಗಿ ಯೋಚಿಸಿತು. ಬ್ಯಾಂಕಿನ ಗುರುತು ಪರಿಶೀಲನೆಗೆ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕಿತ್ತು. ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಹೇಗೆ ಮಿಟುಕಿಸಬೇಕು? ಅಂಥವರು ಮತ್ತು ಅಂಧರು ತಂದ ಪ್ರಕರಣದಲ್ಲಿ ನ್ಯಾಯಾಲಯ 2025ರ ಏಪ್ರಿಲ್ 30ರಂದು ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವೂ ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕಿನ ಹಕ್ಕಿನ ಭಾಗ ಎಂದಿತು, ವ್ಯವಸ್ಥೆಯನ್ನು ಸರಿಪಡಿಸಿ ಎಂದು ಸರ್ಕಾರಕ್ಕೂ ಬ್ಯಾಂಕುಗಳ ನಿಯಂತ್ರಕರಿಗೂ ಸೂಚಿಸಿತು. ಬದಲಾಗಬೇಕಾದವರು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಈಗ ಆ ಅರ್ಧ ನಿಜಕ್ಕೆ ಬರೋಣ. ಸುರಕ್ಷತೆ. 2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಲೋಕದಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿ ಒತ್ತೆ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಾಗಿ ತೇಪೆ ಬೇಕು, ಅದರಲ್ಲಿ ನನ್ನದು ತಕರಾರಿಲ್ಲ. ನಾನು ಕೇಳುವುದು ಬೇರೆ. ಮನೆಯ ಬಾಗಿಲಿನ ಬೀಗ ಭದ್ರ ಮಾಡಲು ಬಂದವನು ಒಳಗೆ ಹೋಗಿ ದೇವರ ಕೋಣೆಯನ್ನು ಮಹಡಿಗೆ ಯಾಕೆ ಸಾಗಿಸಬೇಕು? ಬೀಗದ ಕೆಲಸವನ್ನೂ ಕೋಣೆಯ ಸಾಗಾಟವನ್ನೂ ಒಂದೇ ಮೂಟೆಯಲ್ಲಿ ಕಟ್ಟಿ, ತಗೊಂಡರೆ ಎರಡನ್ನೂ ತಗೋ, ಇಲ್ಲದಿದ್ದರೆ ಬಿಡು ಎನ್ನುವುದು ಸುರಕ್ಷತೆಯ ಹೆಸರಿನಲ್ಲಿ ನಡೆಯುವ ಬ್ಲ್ಯಾಕ್‌ಮೇಲ್. ಇದರ ಫಲ ನಮ್ಮ ಸುತ್ತ ಕಾಣುತ್ತಿದೆ. ಒಮ್ಮೆ ಸುಟ್ಟುಕೊಂಡವರು ಅಪ್‌ಡೇಟನ್ನೇ ಆರಿಸಿಬಿಡುತ್ತಾರೆ, ತೇಪೆಯೂ ತಪ್ಪಿಹೋಗುತ್ತದೆ. ಅವರನ್ನು ಅಜ್ಞಾನಿಗಳೆನ್ನುವ ಮೊದಲು, ಆ ಹೆದರಿಕೆಯನ್ನು ಅವರಿಗೆ ಕಲಿಸಿದ ಗುರು ಯಾರೆಂದು ನೋಡಬೇಕು.

ಎರಡನ್ನೂ ಬೇರೆ ಮಾಡಲು ತಾಂತ್ರಿಕವಾಗಿ ಆಗದು ಎನ್ನುತ್ತಾರೆ. ಶುದ್ಧ ಸುಳ್ಳು. ಅದೇ ವಿಂಡೋಸಿನಲ್ಲಿ ದೊಡ್ಡ ಸಂಸ್ಥೆಗಳಿಗೆಂದೇ ಎಲ್‌ಟಿಎಸ್‌ಸಿ ಎಂಬ ಆವೃತ್ತಿ ಇದೆ. ವರ್ಷಗಟ್ಟಲೆ ಬರೀ ತೇಪೆ ಬರುತ್ತದೆ, ರೂಪ ಬದಲಾಗುವುದಿಲ್ಲ. ಆಸ್ಪತ್ರೆಯ ಯಂತ್ರ, ಕಾರ್ಖಾನೆಯ ಯಂತ್ರ ನಡೆಸುವವರಿಗೆ ಸಿಗುವ ಈ ನೆಮ್ಮದಿ ನಿಮ್ಮ ಮೇಜಿಗೆ ಸಿಗುವುದಿಲ್ಲ. ಪುಕ್ಕಟೆ ಸಿಗುವ ಡೆಬಿಯನ್ ಲಿನಕ್ಸಿನ ಸ್ಥಿರ ಆವೃತ್ತಿ ದಶಕಗಳಿಂದ ಇದೇ ವ್ರತ ಪಾಲಿಸಿಕೊಂಡು ಬಂದಿದೆ. ಮೈಕ್ರೋಸಾಫ್ಟಿನದೇ ಎಕ್ಸೆಲ್ ತೆರೆದರೆ ಇನ್ನೂ ಮಜವಿದೆ. 1900 ಅಧಿಕ ವರ್ಷವಲ್ಲ, ಆ ವರ್ಷ ಫೆಬ್ರವರಿ 29 ಇರಲೇ ಇಲ್ಲ. ಎಕ್ಸೆಲ್ಲಿನ ಲೆಕ್ಕದಲ್ಲಿ ಇವತ್ತಿಗೂ ಇದೆ! ಅದಕ್ಕಿಂತ ಮೊದಲಿನ ಲೋಟಸ್ 1-2-3 ತಂತ್ರಾಂಶ ಹಾಗೆ ಎಣಿಸುತ್ತಿತ್ತು, ಅದರಲ್ಲಿ ಮಾಡಿಟ್ಟ ಕಡತಗಳ ಲೆಕ್ಕ ತಪ್ಪಬಾರದೆಂದು ಎಕ್ಸೆಲ್ ಗೊತ್ತಿದ್ದೇ ಆ ತಪ್ಪನ್ನು ಉಳಿಸಿಕೊಂಡಿತು. ಲೆಕ್ಕಿಗರ ಕಡತಕ್ಕಾಗಿ ಇಲ್ಲದ ಒಂದು ದಿನವನ್ನೇ ಕಾಪಾಡಿಕೊಂಡು ಬಂದವರಿಗೆ ಅಜ್ಜಿಯ ಒಂದು ಚುಕ್ಕಿಯನ್ನು ಕಾಪಾಡಲು ಕಷ್ಟವೇ?

ತಂತ್ರಾಂಶ ಎಂದೂ ಮುಗಿಯದ ಕೆಲಸ, ನಿಂತರೆ ಸತ್ತಂತೆ ಎಂಬ ಮಾತೂ ಇದೆ. ಡೊನಾಲ್ಡ್ ಕನುತ್ ಎಂಬ ಗಣಕ ವಿಜ್ಞಾನಿ ಪುಸ್ತಕಗಳ ಅಕ್ಷರಜೋಡಣೆಗೆ ಟೆಕ್ ಎಂಬ ತಂತ್ರಾಂಶ ಬರೆದ. 1990ರಲ್ಲಿ, ಇನ್ನು ಇದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ, ತಪ್ಪು ಕಂಡರೆ ಮಾತ್ರ ತಿದ್ದುತ್ತೇನೆ ಎಂದು ಸಾರಿದ. ಪ್ರತಿ ತಿದ್ದುಪಡಿಗೆ ಆವೃತ್ತಿಯ ಸಂಖ್ಯೆಯಲ್ಲಿ ಒಂದು ಅಂಕಿ ಸೇರಿ ಅದು ಪೈ ಕಡೆಗೆ ಹೋಗುತ್ತದೆ. ಈಗ ಅದು 3.141592653ರಲ್ಲಿದೆ. ಲೋಕದ ಗಣಿತಜ್ಞರು ಇಂದಿಗೂ ಅದರಲ್ಲೇ ಪ್ರಬಂಧ ಬರೆಯುತ್ತಾರೆ. ಅವರನ್ನು ಹಿಂದುಳಿದವರು ಎಂದವರನ್ನು ನಾನು ಕಾಣೆ.

ಒಪ್ಪಿಗೆಯ ವಿಷಯಕ್ಕೆ ಬಂದರೆ 2016ರ ವಿಂಡೋಸ್ 10 ಪ್ರಕರಣವನ್ನು ಮರೆಯಬಾರದು. ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಒಂದು ಕಿಟಕಿ ಪದೇ ಪದೇ ಎದ್ದು ಬರುತ್ತಿತ್ತು. ಬೇಡ ಎನ್ನುವವರು ಏನು ಮಾಡುತ್ತಾರೆ? ಇಪ್ಪತ್ತು ವರ್ಷ ಅದೇ ಕಂಪನಿ ಕಲಿಸಿದಂತೆ ಮೂಲೆಯ ಇಂಟು ಗುರುತನ್ನು ಒತ್ತಿ ಮುಚ್ಚುತ್ತಾರೆ. ಆ ವರ್ಷದ ಮೇ ಹೊತ್ತಿಗೆ, ಮುಚ್ಚಿದರೆ ನಿಗದಿಯಾದ ಸಮಯಕ್ಕೆ ಒಪ್ಪಿಗೆ ಕೊಟ್ಟಂತೆ ಎಂದು ಅರ್ಥ ತಿರುಗಿಸಿದ್ದರು. ತಾವೇ ಕಲಿಸಿದ ರೂಢಿಯನ್ನು ತಾವೇ ಬಲೆಯಾಗಿ ಬೀಸಿದರು. ಕೇಳದೆ ಬಂದ ಹೊಸ ಆವೃತ್ತಿಯಿಂದ ಕಂಪ್ಯೂಟರ್ ಹಾಳಾಯಿತೆಂದು ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುವ ಒಬ್ಬ ಮಹಿಳೆ ಕೋರ್ಟಿಗೆ ಹೋಗಿ ಹತ್ತು ಸಾವಿರ ಡಾಲರ್ ಪರಿಹಾರ ಗೆದ್ದರು. ಕಿಟಕಿಯ ವಿಷಯದಲ್ಲಿ ಅತಿಯಾಯಿತು ಎಂದು ಕಂಪನಿಯ ಹಿರಿಯ ಅಧಿಕಾರಿಯೇ ಆ ವರ್ಷದ ಕೊನೆಗೆ ಒಪ್ಪಿಕೊಂಡರು.

ಅಪ್‌ಡೇಟ್ ಎಂದರೆ ಮೇಲಕ್ಕೆ ಎನ್ನುವ ಭ್ರಮೆಯನ್ನೂ ಬಿಡಬೇಕು. 2016ರ ಸೆಪ್ಟೆಂಬರ್ 13ರಂದು ಎಚ್‌ಪಿ ಕಂಪನಿಯ ಹಲವು ಪ್ರಿಂಟರುಗಳು ಬೇರೆಯವರ ಅಗ್ಗದ ಇಂಕಿನ ಡಬ್ಬಿಗಳನ್ನು ಒಮ್ಮೆಲೇ ನಿರಾಕರಿಸಿದವು. ಮೊದಲೇ ಒಳಗೆ ಸೇರಿಸಿಟ್ಟ ತಂತ್ರಾಂಶ ಆ ದಿನ ಎಚ್ಚರಗೊಂಡಿತ್ತು. ಹಿಂದಿನ ದಿನ ಅಚ್ಚು ಮಾಡುತ್ತಿದ್ದ ಯಂತ್ರ ಆ ದಿನ ಅಚ್ಚು ಮಾಡಲಿಲ್ಲ, ಇದು ಯಾರಿಗೆ ಪ್ರಗತಿ? ಆಪಲ್ಲಿನ ಪ್ರಸಂಗದಲ್ಲಿ ನ್ಯಾಯವಾಗಿ ಮಾತಾಡಬೇಕು. ಬ್ಯಾಟರಿ ಹಳತಾದ ಐಫೋನುಗಳು ದಿಢೀರನೆ ಆರಿಹೋಗುತ್ತಿದ್ದವು, ಅದನ್ನು ತಡೆಯಲು ಅಪ್‌ಡೇಟಿನ ಮೂಲಕ ಫೋನಿನ ವೇಗ ತಗ್ಗಿಸಿದರು. ಎಂಜಿನಿಯರುಗಳ ಕಾರಣ ಸರಿಯೇ ಇತ್ತು. ಆದರೆ ಹೇಳಲಿಲ್ಲ. ಬ್ಯಾಟರಿ ಬದಲಿಸಿದರೆ ಸರಿಹೋಗುವ ಫೋನನ್ನು ಎಷ್ಟೋ ಜನ ಮುದಿಯಾಯಿತೆಂದು ಬಿಸಾಡಿ ಹೊಸದು ಕೊಂಡರು. 2017ರ ಡಿಸೆಂಬರಿನಲ್ಲಿ ಗುಟ್ಟು ಬಯಲಾದ ಮೇಲೆ ಕ್ಷಮೆ, ಬ್ಯಾಟರಿ ಬದಲಾವಣೆಯ ದರ 79 ಡಾಲರಿನಿಂದ 29ಕ್ಕೆ. 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ಹಾಕಿತು, ಗ್ರಾಹಕರಿಗೆ ತಿಳಿಸಲಿಲ್ಲ ಎಂಬ ಒಂದೇ ತಪ್ಪಿಗೆ.

ಇಷ್ಟೆಲ್ಲ ಯಾಕೆ ಮಾಡುತ್ತಾರೆ? ದುರುದ್ದೇಶ ಅನ್ನುವುದಕ್ಕಿಂತ ಸಣ್ಣ ಕಾರಣವೊಂದಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗೆಳೆಯನ ಮುಂದೆ ಅಮ್ಮನ ಚುಕ್ಕಿಯ ಕತೆ ಹೇಳಿದೆ. ಅವನು ಕಾಫಿ ಕೆಳಗಿಟ್ಟು, "ಸರಿಯಾಗಿದೆ, ಮುಟ್ಟಬೇಡಿ ಅಂತ ಬಿಟ್ಟರೆ ನಾನು ಅಪ್ರೈಸಲ್‌ನಲ್ಲಿ ಏನು ಬರೀಲಿ ಮಾರಾಯ?" ಎಂದ. ಇದ್ದದ್ದನ್ನು ಚೆನ್ನಾಗಿ ಇಟ್ಟುಕೊಂಡವನಿಗೆ ಬಡ್ತಿಯಿಲ್ಲ, ಹೊಸದು ಹಾರಿಸಿದವನಿಗೆ ಇದೆ. ಬದಲಾಯಿಸಿದ ಬಟನ್ನನ್ನು ಎಷ್ಟು ಜನ ಒತ್ತಿದರು ಎಂದು ಎಣಿಸುತ್ತಾರೆ. ಅಮ್ಮ ಅದನ್ನು ತಪ್ಪಿ ಹನ್ನೊಂದು ಸಲ ಒತ್ತಿದ್ದು ಆ ಎಣಿಕೆಯಲ್ಲಿ ಹನ್ನೊಂದು ಯಶಸ್ಸು. ಆಮೇಲೆ ನಮಗೆ ಬರುವ ವಿವರಣೆ ಒಂದೇ ಸಾಲು: ಕೆಲವು ದೋಷಗಳನ್ನು ಸರಿಪಡಿಸಲಾಗಿದೆ, ಕಾರ್ಯಕ್ಷಮತೆಯನ್ನು ಸುಧಾರಿಸಲಾಗಿದೆ. ಗ್ರಾಮ ಪಂಚಾಯ್ತಿಯ ನಡಾವಳಿಯಲ್ಲೂ ಇದಕ್ಕಿಂತ ಹೆಚ್ಚು ಮಾಹಿತಿ ಇರುತ್ತದೆ.

ಬದಲಾವಣೆಯೇ ಬೇಡವೆನ್ನುವ ಮುದುಕ ಎಂದು ನನ್ನನ್ನು ಬದಿಗಿಡುವ ಮುನ್ನ ಕನ್ನಡದ್ದೇ ಒಂದು ಮಾತು ಕೇಳಿ. ನಾನು ಇದನ್ನು ಟೈಪ್ ಮಾಡುತ್ತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಸರ್ಕಾರ ಒಪ್ಪಿದ್ದೂ ಅದನ್ನೇ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಳ್ಳಿಹಳ್ಳಿಯ ಕಚೇರಿಗೆ ಒಯ್ದದ್ದೂ ಅದನ್ನೇ. ಕೆ ಒತ್ತಿದರೆ ಕ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನ ಎಡಗೈ ತೋರುಬೆರಳಿಗೆ ಎಫ್ ಅಂದರೆ ಒತ್ತು. ಕಣ್ಣುಮುಚ್ಚಿ "ಸ್ವಾತಂತ್ರ್ಯ" ಎಂದು ಬರೆಯಬಲ್ಲೆ, ಮೂರು ಕಡೆ ಎಫ್ ತಾನೇ ಬೀಳುತ್ತದೆ.

ಈ ಇಪ್ಪತ್ತು ವರ್ಷದಲ್ಲಿ ಆ ಕೀಲಿಗಳ ಕೆಳಗೆ ಏನೇನಾಯಿತು ಗೊತ್ತೇ? ಮೊದಲು ನಾವು ಬರೆಯುತ್ತಿದ್ದದ್ದು ಆಸ್ಕಿ ಫಾಂಟಿನಲ್ಲಿ. ಕನ್ನಡವೆಂದು ಕಾಣುತ್ತಿದ್ದದ್ದು ಒಳಗೆ ರೋಮನ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ತಲೆಯ ಮೇಲೆ ಕೊಂಬು ಮೂಡಿದ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತಿತ್ತು. ಹುಡುಕಿದರೆ ಸಿಗುತ್ತಿರಲಿಲ್ಲ, ಕಳಿಸಿದರೆ ತಲುಪುತ್ತಿರಲಿಲ್ಲ. ಆಮೇಲೆ ಯೂನಿಕೋಡ್ ಬಂತು. ಸಂಕೇತ ಪೂರ್ತಿ ಬದಲಾಯಿತು, ಹಳೆಯ ಕಡತಗಳನ್ನು ಹೊಸದಕ್ಕೆ ತರುವ ಪರಿವರ್ತಕಗಳು ಬಂದವು. ಇದಕ್ಕಿಂತ ಆಳವಾದ ಅಪ್‌ಡೇಟ್ ಕನ್ನಡಕ್ಕೆ ಆಗಿಲ್ಲ. ಆದರೆ ನನ್ನ ಎಫ್ ಅಲ್ಲೇ ಇತ್ತು. ಒಳಗೆ ಕ್ರಾಂತಿ, ಹೊರಗೆ ಶಾಂತಿ. ಬೆರಳಿಗೆ ಗೊತ್ತೂ ಆಗಲಿಲ್ಲ. ದುಡ್ಡಿನ ಗುಡ್ಡದ ಮೇಲೆ ಕೂತ ಕಂಪನಿಗಳಿಗೆ ಆಗದ್ದನ್ನು ಸಣ್ಣ ಪರಿಷತ್ತೊಂದು ಮಾಡಿತು.

ನಿಜ, ಎಲ್ಲರೂ ಯೂನಿಕೋಡಿಗೆ ಬರಲಿಲ್ಲ. ನಮ್ಮೂರುಗಳ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದೆ. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ನನಗೆ ಗೊತ್ತಿರುವ ಒಬ್ಬರು ಅದಕ್ಕೆಂದೇ ಒಂದು ಹಳೆಯ ಕಂಪ್ಯೂಟರನ್ನು ಇಂಟರ್ನೆಟ್ ತಂತಿ ಕಿತ್ತು ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ಮದುವೆ ಕರೆಯೋಲೆ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ತಂತಿ ಕಿತ್ತದ್ದು ಯಾಕೆ ಎಂದರೆ, "ನೆಟ್ ಕೊಟ್ರೆ ಅಪ್‌ಡೇಟ್ ಬರುತ್ತೆ ಸಾರ್, ಅಪ್‌ಡೇಟ್ ಬಂದ್ರೆ ನನ್ನ ಫಾಂಟು ಹೋಗುತ್ತೆ". ಇವರು ಹಿಂದುಳಿದವರೋ, ಅನುಭವಸ್ಥರೋ?

ಹಾಗೆ ತಂತಿ ಕಿತ್ತು ಕೂರಲಾಗದವರ ಪಾಡು ನೋಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಪುಕ್ಕಟೆ ತೇಪೆ ನಿಂತಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು ಮತ್ತು ಹೊಸ ಪ್ರೊಸೆಸರ್ ಇಲ್ಲದ, ಬೇರೆಲ್ಲ ರೀತಿಯಲ್ಲಿ ಗಟ್ಟಿಯಾಗಿರುವ ಯಂತ್ರಗಳು ಬೀದಿಗೆ ಬಿದ್ದವು. ಇನ್ನೊಂದು ವರ್ಷ ತೇಪೆ ಬೇಕಾದರೆ 30 ಡಾಲರ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗುಗಳನ್ನು ನಮ್ಮ ಕ್ಲೌಡಿಗೆ ಒಪ್ಪಿಸಿ ಎಂದಿತು ಕಂಪನಿ. ಯೂರೋಪಿನ ಗ್ರಾಹಕ ಸಂಘಟನೆ ಪಟ್ಟು ಹಿಡಿದಾಗ ಅಲ್ಲಿಯವರಿಗೆ ಮಾತ್ರ ಆ ಷರತ್ತುಗಳಿಲ್ಲದೆ ಪುಕ್ಕಟೆ ಕೊಟ್ಟಿತು. ತೇಪೆ ಒಂದೇ, ಕೇಳುವವರಿದ್ದ ಕಡೆ ಬೆಲೆ ಬೇರೆ. ಯೂರೋಪಿನಲ್ಲಿ 2019ರಲ್ಲೇ ಮಾಡಿದ ಡಿಜಿಟಲ್ ಸೇವೆಗಳ ನಿಯಮವೂ ಇದೆ: ಕೊಟ್ಟ ಸೇವೆಯನ್ನು ನಡುವೆ ಬದಲಾಯಿಸಿದರೆ ಸ್ಪಷ್ಟವಾಗಿ ತಿಳಿಸಬೇಕು, ಅದಕ್ಕೆ ಹೆಚ್ಚಿನ ದುಡ್ಡು ಕೇಳಕೂಡದು, ಬದಲಾವಣೆಯಿಂದ ಗ್ರಾಹಕನಿಗೆ ಗಣನೀಯ ತೊಂದರೆಯಾದರೆ ಅವನು ಒಪ್ಪಂದ ಮುರಿದು ಹೊರಬರಬಹುದು. ನಮ್ಮಲ್ಲಿ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮೋಸದ ಹದಿಮೂರು ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಪದೇ ಪದೇ ಕಾಡುವುದು, ಬಲವಂತ ಮಾಡುವುದು, ಗೊಂದಲದ ಪ್ರಶ್ನೆ ಕೇಳುವುದು ಅದರಲ್ಲಿವೆ. ಒಳ್ಳೆಯ ಕೆಲಸ. ರಾತ್ರೋರಾತ್ರಿ ಜಾಗ ಬದಲಾಯಿಸುವುದು ಆ ಪಟ್ಟಿಯಲ್ಲಿಲ್ಲ. ಅದು ಹದಿನಾಲ್ಕನೆಯದಾಗಬೇಕು. ತೇಪೆ ಬೇರೆ, ರೂಪ ಬೇರೆ ಎಂದು ಎರಡು ಮೂಟೆಯಾಗಿ ಬರಬೇಕು. ರೂಪದ ಮೂಟೆ ಬೇಡ ಎನ್ನುವ ಹಕ್ಕು, ಬಿಚ್ಚಿದ ಮೇಲೂ ವಾಪಸ್ ಹೋಗುವ ದಾರಿ ಬೇಕು. ಏನು ಬದಲಾಯಿತು ಎಂಬುದನ್ನು ಮೊದಲೇ, ಕನ್ನಡದಲ್ಲಿ, ಮನುಷ್ಯರಿಗೆ ಅರ್ಥವಾಗುವಂತೆ ಹೇಳಬೇಕು. ಬ್ಯಾಂಕು, ಆಸ್ಪತ್ರೆ, ಸರ್ಕಾರದ ಆಪುಗಳಿಗೆ ಈ ನಿಯಮ ಎಲ್ಲರಿಗಿಂತ ಮೊದಲು ಬರಲಿ.

ಅಲ್ಲಿಯವರೆಗೆ, ಓದುಗರೇ, ನಿಮ್ಮ ಮನೆಯ ಹಿರಿಯರು "ನಾನೇ ಕೆಡಿಸಿದೆ" ಎಂದು ಫೋನ್ ಹಿಡಿದು ಬಂದರೆ, ಸರಿಮಾಡಿ ಕೊಡುವ ಮೊದಲು "ಕೆಡಿಸಿದ್ದು ನೀವಲ್ಲ" ಎಂದು ಒಂದು ಮಾತು ಹೇಳಿ. ಅಮ್ಮನಿಗೆ ನಾನು ಹೇಳಿದೆ. ಪೂರ್ತಿ ನಂಬಿದಂತೆ ಕಾಣಲಿಲ್ಲ.

ಹಾಲಿನ ಲೆಕ್ಕದ ಪುಸ್ತಕವನ್ನು ಹೋದ ವಾರ ನೋಡಿದೆ. ಕೊನೆಯ ಹಾಳೆಗಳಲ್ಲಿ ಈಗ ನಾಲ್ಕು ಚಿತ್ರಗಳಿವೆ. ಮೊದಲ ಮೂರು ಬಾಲ್‌ಪೆನ್ನಿನವು, ಅಡ್ಡಗೆರೆ ಎಳೆದು ಹೊಡೆದು ಹಾಕಿದ್ದಾರೆ. ನಾಲ್ಕನೆಯದನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.